ಎಂಟು ವರ್ಷ ಸುಮ್ಮನಿದ್ದ ಹಾರ್ಡ್ ಡಿಸ್ಕ್ ಗುಂಯ್ ಅಂತಿದೆ, ತಿರುಗ್ತಿಲ್ಲ. ನುಣ್ಣಗಿರೋದು ಅಂಟಿಕೊಳ್ಳುತ್ತಾ?

ಪಿಜೆ_ಬಡಾವಣೆ · ಶನಿವಾರ ರಾತ್ರಿ 9:40

ದಾವಣಗೆರೆಯಿಂದ ನಮಸ್ಕಾರ. ನಮ್ಮಪ್ಪ ಫೋಟೊ ಸ್ಟುಡಿಯೊ ಇಟ್ಟಿದ್ದರು. ಬಾಗಿಲು ಹಾಕಿ ಎಂಟು ವರ್ಷ ಆಯ್ತು. ಅಲ್ಲಿದ್ದ ಕಂಪ್ಯೂಟರ್ ಅಷ್ಟೂ ದಿನ ಮನೆ ಅಟ್ಟದ ಮೇಲಿತ್ತು. ಮೊನ್ನೆ ಇಳಿಸಿ ಒಳಗಿನ ಹಾರ್ಡ್ ಡಿಸ್ಕ್ ತೆಗೆದೆ. 80 ಜಿಬಿ, 3.5 ಇಂಚಿನದು, ಅಗಲ ಪಟ್ಟಿ ಕೇಬಲ್ ಕಾಲದ್ದು. ಅಪ್ಪ ತೆಗೆದ ಐದಾರು ವರ್ಷದ ಮದುವೆ, ನಾಮಕರಣ, ಶಾಲೆ ಗ್ರೂಪ್ ಫೋಟೊ ಎಲ್ಲ ಅದರಲ್ಲೇ.

ಕರೆಂಟ್ ಕೊಟ್ಟರೆ ಗುಂಯ್... ಗುಂಯ್... ಅಂತ ಸಣ್ಣಗೆ ಮುಲುಗುತ್ತೆ. ತಿರುಗೋ ಸದ್ದಿಲ್ಲ. ಊರಲ್ಲೇ ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. "ಓದೋ ಹೆಡ್ಡು ಫೋಟೊ ಬರೆದಿರೋ ತಟ್ಟೆಗೆ ಅಂಟಿಕೊಂಡೈತೆ, ಒಂದು ರಾತ್ರಿ ಫ್ರೀಜರ್‌ನಾಗೆ ಇಡ್ರಿ, ಬೆಳಿಗ್ಗೆ ಪಕ್ಕಕ್ಕೆ ಒಂದೇಟು ಕೊಡ್ರಿ, ತಿರುಗ್ತದೆ" ಅಂದರು. ಧೈರ್ಯ ಬರಲಿಲ್ಲ, ವಾಪಸ್ ತಂದೆ.

ನನಗೆ ಅರ್ಥವಾಗದ್ದು ಇಷ್ಟು. ಒಳಗಿನ ತಟ್ಟೆ ಕನ್ನಡಿಗಿಂತ ನುಣುಪು ಅಂತಾರೆ. ನುಣ್ಣಗಿದ್ದ ಮೇಲೆ ಜಾರಬೇಕು. ಅಂಟೋದು ಹೆಂಗೆ?

ಖಾರ_ಮಂಡಕ್ಕಿ · ಶನಿವಾರ ರಾತ್ರಿ 9:52

ಫ್ರೀಜರ್‌ನಲ್ಲಿ ಇಡೋದಾದ್ರೆ ಐಸ್‌ಕ್ರೀಮ್ ಡಬ್ಬಿ ಕೆಳಗಿಡಿ. ಅಮ್ಮ ನೋಡಿದ್ರೆ ಏಟು ಡಿಸ್ಕ್‌ಗಲ್ಲ, ನಿಮಗೆ ಬೀಳುತ್ತೆ.

ಡೇಟಾ_ದುರಸ್ತಿ · ಶನಿವಾರ ರಾತ್ರಿ 10:15

ಮೊದಲು ಆ ಡಿಸ್ಕ್‌ಗೆ ಮತ್ತೆ ಕರೆಂಟ್ ಕೊಡೋದು ನಿಲ್ಲಿಸಿ. ಹದಿನೈದು ವರ್ಷದಿಂದ ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಿದ್ದೀನಿ. ಫ್ರೀಜರ್‌ನಿಂದ ಹೊರಬಂದ ಡಿಸ್ಕ್ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಡಿಸ್ಕ್ ಪೆಟ್ಟಿಗೆ ಪೂರ್ತಿ ಮುಚ್ಚಿರಲ್ಲ, ಒತ್ತಡ ಸರಿದೂಗಿಸೋಕೆ ಫಿಲ್ಟರ್ ಹಿಂದೆ ಒಂದು ಉಸಿರಾಟದ ತೂತು ಇರುತ್ತೆ. ಫ್ರಿಜ್‌ನಿಂದ ತೆಗೆದ ಲೋಟದ ಮೇಲೆ ಬೆವರು ಬರುತ್ತಲ್ಲ, ಅದೇ ಬೆವರು ತಟ್ಟೆ ಮೇಲೂ ಕೂರುತ್ತೆ. ಅದು ತಿರುಗಿದರೆ ಕಥೆ ಮುಗೀತು.

ಸದ್ದಿನ ಲೆಕ್ಕ ಹೇಳ್ತೀನಿ. ತಿರುಗಿ ಟಕ್ ಟಕ್ ಅಂದರೆ ಹೆಡ್ ಓದಲಾಗದೆ ಹುಡುಕ್ತಿದೆ. ತಿರುಗದೆ ಗುಂಯ್ ಅಂದರೆ ಎರಡರಲ್ಲೊಂದು: ಹೆಡ್ ತಟ್ಟೆಗೆ ಹಿಡಿದಿದೆ, ಇಲ್ಲವೇ ಮೋಟರ್ ಬೇರಿಂಗ್ ಜಾಮ್. ನಿಮ್ಮದು ಮೊದಲನೆಯದು ಅನ್ಸುತ್ತೆ. ರೋಗ ಹೇಳಿದ್ದು ಅಂಗಡಿಯವರು ಸರಿ, ಮದ್ದು ತಪ್ಪು.

ಮಿಲ್_ಫಿಟ್ಟರ್_ನಿವೃತ್ತ · ಭಾನುವಾರ ಬೆಳಿಗ್ಗೆ 6:05

ನಾನು ಕಂಪ್ಯೂಟರ್ ಓದಿದವನಲ್ಲ. ಈ ಊರಿನ ಹತ್ತಿ ಗಿರಣಿಯಾಗ ಮೂವತ್ತು ವರ್ಷ ರಿಂಗ್ ಫ್ರೇಮ್ ಫಿಟ್ಟರ್. ನಮ್ಮ ಸ್ಪಿಂಡಲ್‌ಗಳೂ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟ್ತಿದ್ವು. ಮಿಲ್ಲು ಮುಷ್ಕರದಾಗ ಆರು ತಿಂಗಳು ನಿಂತು ಮತ್ತೆ ಶುರುವಾದಾಗ ಅರ್ಧ ಸ್ಪಿಂಡಲ್ ಅಲ್ಲಾಡ್ತಿರಲಿಲ್ಲ. ಎಣ್ಣೆ ಗೋಂದಿನಂಗೆ ಆಗಿರೋದು. ಸೀಮೆಎಣ್ಣೆ ಬಿಟ್ಟು ಕೈಲಿ ತಿರುವಿದ್ರೆ ಬಿಡ್ತಿತ್ತು. ಇದೂ ಅದೇ ರೋಗ ಅಂತ ನನ್ನ ಅಂದಾಜು. ಸುಮ್ಮನೆ ನಿಲ್ಲಿಸಿದ ಯಂತ್ರ ಓಡೋ ಯಂತ್ರಕ್ಕಿಂತ ಬೇಗ ಸಾಯ್ತದೆ.

ಚಂದ್ರವಳ್ಳಿ_ಹುಡುಗಿ · ಭಾನುವಾರ ಬೆಳಿಗ್ಗೆ 11:30

ಚಿತ್ರದುರ್ಗದವಳು. ತೆಳುಪದರಗಳ ಮೇಲ್ಮೈ ಬಗ್ಗೆ ಪಿಎಚ್‌ಡಿ ಮಾಡಿದ್ದೀನಿ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇದ್ದವರು ಓದಿ.

ಫಿಟ್ಟರ್ ಅವರ ಅಂದಾಜು ಬೇರಿಂಗ್‌ಗೆ ಹೊಂದುತ್ತೆ. ತಟ್ಟೆಗೆ ಹೊಂದಲ್ಲ. ತಟ್ಟೆ ಮೇಲಿನ ಎಣ್ಣೆ ಗೋಂದಾಗೋ ಜಾತಿಯದಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಹೋಟೆಲಲ್ಲಿ ಆಗತಾನೆ ತೊಳೆದ ಸ್ಟೀಲ್ ತಟ್ಟೆಗಳನ್ನ ಒಂದರ ಮೇಲೊಂದು ಇಟ್ಟಿರ್ತಾರೆ. ಮೇಲಿನದನ್ನ ಎತ್ತೋಕೆ ಹೋದರೆ ಎರಡು ಒಟ್ಟಿಗೆ ಬರುತ್ತೆ. ತಟ್ಟೆ ಸೊಟ್ಟಪಟ್ಟ ಆಗಿದ್ದರೆ ಬರಲ್ಲ. ಹೊಸ, ಸಪಾಟು ತಟ್ಟೆಗಳೇ ಹಿಡ್ಕೊಳ್ಳೋದು. ನಡುವಿನ ನೀರಿನ ಪದರದ ಅಂಚು ಒಳಮುಖವಾಗಿ ಬಾಗಿರುತ್ತೆ. ನೀರಿನ ಮೇಲ್ಮೈ ಎಳೆತದಿಂದ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ ಎರಡೂ ಒಂದಕ್ಕೊಂದು ಹೀರಿಕೊಳ್ತವೆ. ಸಂದು ಎಷ್ಟು ಕಿರಿದೋ ಹೀರುವಿಕೆ ಅಷ್ಟು ಜೋರು. ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಂದಿಯಲ್ಲಿ ನೀರಿದ್ದರೆ ಆ ಸೆಳೆತ ವಾತಾವರಣದ ಒತ್ತಡದ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಸಂದು ನೂರರಲ್ಲೊಂದು ಪಾಲಾದರೆ ಸೆಳೆತ ನೂರು ಪಟ್ಟು.

ಒರಟು ಮೇಲ್ಮೈಗಳು ಅಲ್ಲಲ್ಲಿ ಗುಡ್ಡದ ತುದಿಗಳಲ್ಲಿ ಮಾತ್ರ ಮುಟ್ಟುತ್ತವೆ. ನಮ್ಮ ದುರ್ಗದ ಒಂದು ಬೆಟ್ಟವನ್ನ ಎತ್ತಿ ಇನ್ನೊಂದರ ಮೇಲೆ ಬೋರಲು ಹಾಕಿದ ಹಾಗೆ: ನಾಲ್ಕೈದು ಬಂಡೆ ತಗುಲಿರುತ್ತೆ, ಉಳಿದದ್ದೆಲ್ಲ ಬಯಲು. ನುಣುಪು ಮಾಡ್ತಾ ಹೋದಂತೆ ಬಯಲು ಕಮ್ಮಿಯಾಗುತ್ತೆ, ನಿಜವಾಗಿ ಮುಟ್ಟುವ ಜಾಗ ಹೆಚ್ಚಾಗುತ್ತೆ, ಸಂದಿಗಳು ಕಿರಿದಾಗಿ ದ್ರವ ತುಂಬಿಕೊಳ್ಳುತ್ತೆ. ಹಾಗಾಗಿ ನುಣುಪು ಜಾರಿಸೋದು ಸ್ವಲ್ಪ ದೂರದವರೆಗೆ ಮಾತ್ರ, ಆಮೇಲೆ ಅದೇ ಅಂಟಿಸುತ್ತೆ. ಹಾರ್ಡ್ ಡಿಸ್ಕ್ ಮಂದಿ ಇದನ್ನ ಸ್ಟಿಕ್ಷನ್ ಅಂತಾರೆ. ನಿಂತಲ್ಲೇ ಇರುವ ಅನ್ನೋ ಅರ್ಥದ ಸ್ಟ್ಯಾಟಿಕ್, ಘರ್ಷಣೆ ಅನ್ನೋ ಅರ್ಥದ ಫ್ರಿಕ್ಷನ್, ಈ ಎರಡು ಇಂಗ್ಲಿಷ್ ಪದಗಳ ಕಸಿ.

ಜೋಗಿಮಟ್ಟಿ_ಗಾಳಿ · ಭಾನುವಾರ ಮಧ್ಯಾಹ್ನ 12:10

ಅಕ್ಕಾ, ಒಂದು ಡೌಟು. ಪಿಯುಸಿ ಭೌತಶಾಸ್ತ್ರದಲ್ಲಿ ಘರ್ಷಣೆ ಮುಟ್ಟುವ ವಿಸ್ತೀರ್ಣದ ಮೇಲೆ ಅವಲಂಬಿಸಿಲ್ಲ ಅಂತ ಇದೆ. ಭಾರದ ಮೇಲೆ ಮಾತ್ರ. ಅದನ್ನ ಬರೆದೇ ಎರಡು ಮಾರ್ಕ್ಸ್ ತಗೊಂಡಿದ್ದೀನಿ. ಈಗ ನೀವು ಜಾಗ ಹೆಚ್ಚಾದ್ರೆ ಅಂಟುತ್ತೆ ಅಂತಿದ್ದೀರಾ.

ಚಂದ್ರವಳ್ಳಿ_ಹುಡುಗಿ · ಭಾನುವಾರ ಮಧ್ಯಾಹ್ನ 12:45

ಮಾರ್ಕ್ಸ್ ವಾಪಸ್ ಕೊಡಬೇಡ, ಅದು ಸರಿಯೇ. 1699ರಲ್ಲಿ ಅಮೊಂಟೋ ಹೇಳಿದ ನಿಯಮ. ಇಟ್ಟಿಗೆಯನ್ನ ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಒಂದೇ ಬಲ. ಯಾಕೆ ಅಂತ ಬಹಳ ಕಾಲ ಯಾರಿಗೂ ಸರಿಯಾಗಿ ಹೇಳೋಕಾಗಿರಲಿಲ್ಲ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ 20ನೇ ಶತಮಾನದ ನಡುವೆ ಬಿಡಿಸಿ ಹೇಳಿದರು: ಕಣ್ಣಿಗೆ ಕಾಣುವ ಜಾಗ ಬೇರೆ, ನಿಜವಾಗಿ ಮುಟ್ಟುವ ಜಾಗ ಬೇರೆ. ಭಾರ ಹೆಚ್ಚಿಸಿದರೆ ಆ ಸಣ್ಣ ತುದಿಗಳು ಚಪ್ಪಟೆಯಾಗಿ ನಿಜವಾದ ಜಾಗ ಭಾರದ ಅನುಪಾತದಲ್ಲೇ ಹೆಚ್ಚುತ್ತೆ. ಘರ್ಷಣೆ ಯಾವಾಗಲೂ ಜಾಗದ್ದೇ ಲೆಕ್ಕ, ಮಲಗಿಸಿದ ಇಟ್ಟಿಗೆಗೂ ನಿಲ್ಲಿಸಿದ ಇಟ್ಟಿಗೆಗೂ ಆ ನಿಜವಾದ ಜಾಗ ಒಂದೇ.

ಇದು ನಡೆಯೋದು ಭಾರ ದೊಡ್ಡದು, ಅಂಟು ಚಿಕ್ಕದು ಆಗಿದ್ದಾಗ. ಹಾರ್ಡ್ ಡಿಸ್ಕ್ ಹೆಡ್ ಹೊತ್ತಿರುವ ಸ್ಲೈಡರ್ ಅನ್ನೋ ಚೂರು ಎಳ್ಳಿಗಿಂತ ಚಿಕ್ಕದು, ಆ ಕಾಲದ್ದು 1.25 ಮಿಲಿಮೀಟರ್ ಉದ್ದ, 1 ಮಿಲಿಮೀಟರ್ ಅಗಲ. ಅದನ್ನ ತಟ್ಟೆಗೆ ಒತ್ತುವ ಸ್ಪ್ರಿಂಗಿನ ಭಾರ ಎರಡೂವರೆ ಗ್ರಾಂ ಆಸುಪಾಸು. ಇಲ್ಲಿ ದ್ರವದ ಸೆಳೆತವೇ ಒತ್ತುವ ಭಾರವನ್ನ ಮೀರಿಸಬಹುದು. ನಿನ್ನ ಸೂತ್ರದಲ್ಲಿ ಆ ಸೆಳೆತಕ್ಕೆ ಕುರ್ಚಿಯೇ ಇಲ್ಲ.

ತಣ್ಣೀರುದೋಣಿ · ಭಾನುವಾರ ಮಧ್ಯಾಹ್ನ 2:20

ಎರಡು ತಕರಾರು. ಒಂದು, ಹೆಡ್ ತಟ್ಟೆಯನ್ನ ಮುಟ್ಟಲ್ಲ, ಗಾಳಿಯಲ್ಲಿ ತೇಲುತ್ತೆ ಅಂತ ಎಲ್ಲ ಕಡೆ ಬರೆದಿರ್ತಾರೆ. ಜಂಬೋ ವಿಮಾನ ನೆಲದಿಂದ ಕೂದಲೆಳೆ ಎತ್ತರದಲ್ಲಿ ಹಾರಿದಂತೆ ಅನ್ನೋ ಕಥೆ ಕೇಳಿ ಕೇಳಿ ಸಾಕಾಗಿದೆ. ಮುಟ್ಟದಿದ್ದ ಮೇಲೆ ಅಂಟೋದೆಲ್ಲಿ? ಎರಡು, ದಾವಣಗೆರೆಯಲ್ಲಿ ತೇವ ಎಲ್ಲಿದೆ ಸ್ವಾಮಿ? ಬೇಸಿಗೆಯಲ್ಲಿ ಹಪ್ಪಳ ಒಳಗೇ ಒಣಗುತ್ತೆ.

ಚಂದ್ರವಳ್ಳಿ_ಹುಡುಗಿ · ಭಾನುವಾರ ಸಂಜೆ 5:00

ವಿಮಾನ ಬಿಡಿ, ಸರ್ಕಾರಿ ಬಸ್ಸು ತಗೊಳ್ಳಿ. 12 ಮೀಟರ್ ಉದ್ದದ ಬಸ್ಸು ಹೆದ್ದಾರಿ 48ರ ಮೇಲೆ ಒಂದು ಹಾಳೆ ಕಾಗದದ ದಪ್ಪದಷ್ಟು ಎತ್ತರದಲ್ಲಿ ತೇಲಿದರೆ, ಇವರ 80 ಜಿಬಿ ಡಿಸ್ಕಿನ ಅನುಪಾತ ಸಿಗುತ್ತೆ: ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು ಹತ್ತು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಎತ್ತರ. ವೇಗ ಹಿಗ್ಗಿಸೋದೇ ಬೇಡ. 7200 ಸುತ್ತಿನ ಡಿಸ್ಕಿನ ಹೊರ ಅಂಚು ಗಂಟೆಗೆ ಸುಮಾರು 129 ಕಿಲೋಮೀಟರ್ ಓಡುತ್ತೆ. ದಾವಣಗೆರೆಯಿಂದ ದುರ್ಗಕ್ಕೆ ಅರ್ಧ ಗಂಟೆ ಸಾಕು.

ಮುಟ್ಟಲ್ಲ ಅನ್ನೋದು ತಿರುಗುವಾಗಿನ ಮಾತು. 1956ರಲ್ಲಿ ಐಬಿಎಂನ ಮೊದಲ ಡಿಸ್ಕ್ ಯಂತ್ರ ರಾಮ್ಯಾಕ್ ಬಂದಾಗ 24 ಇಂಚಿನ 50 ತಟ್ಟೆಗಳಿದ್ದವು. ಹೆಡ್ಡನ್ನ ಮೇಲೆ ನಿಲ್ಲಿಸೋಕೆ ಕಂಪ್ರೆಸರ್‌ನಿಂದ ಗಾಳಿ ಊದುತ್ತಿದ್ದರು, ಅಂತರ 20 ಮೈಕ್ರೋಮೀಟರ್ ಆಸುಪಾಸು. ಕೆಲವೇ ವರ್ಷದಲ್ಲಿ ಕಂಪ್ರೆಸರ್ ಬೇಡವಾಯ್ತು. ತಟ್ಟೆ ತಿರುಗುವ ರಭಸಕ್ಕೆ ಗಾಳಿಯೇ ಸ್ಲೈಡರ್ ಕೆಳಗೆ ನುಗ್ಗಿ ಎತ್ತಿ ಹಿಡಿಯುವ ಆಕಾರ ಕೊಟ್ಟರು. 1973ರಲ್ಲಿ ವಿಂಚೆಸ್ಟರ್ ಅನ್ನೋ ಅಡ್ಡಹೆಸರಿನ ಐಬಿಎಂ 3340 ಬಂತು. ಅದರಲ್ಲಿ ಹೆಡ್ ಹಗುರ, ತಟ್ಟೆಗೆ ಎಣ್ಣೆ ಸವರಿತ್ತು. ತಿರುಗೋದು ನಿಂತರೆ ಹೆಡ್ ತಟ್ಟೆ ಮೇಲೇ ಇಳಿದು ಕೂರೋದು, ಶುರುವಾದರೆ ಉಜ್ಜಿಕೊಂಡೇ ಮೇಲೇಳೋದು. ಅಗ್ಗ, ಸರಳ. ಮುಂದೆ ಹೆಚ್ಚು ಕಡಿಮೆ ಎಲ್ಲರೂ ಅದನ್ನೇ ಹಿಡಿದರು. ಪಿಜೆ ಬಡಾವಣೆಯವರ ಡಿಸ್ಕಿನಲ್ಲೂ ಎಂಟು ವರ್ಷದಿಂದ ಹೆಡ್ ತಟ್ಟೆ ಮೇಲೆ ಕೂತಿದೆ. ಅಂಟಿಕೊಳ್ಳೋಕೆ ಇನ್ನೇನು ಬೇಕು.

ತೇವದ ಮಾತು. ಮೊದಲ ಆರೋಪಿ ಆ ಎಣ್ಣೆಯೇ, ತೇವ ಅದರ ಜೊತೆಗಾರ. ಜೊತೆಗಾರನಿಗೂ ನಿಮ್ಮ ಹಪ್ಪಳ ಮೆತ್ತಗಾಗುವಷ್ಟು ಬೇಕಿಲ್ಲ, ಕೆಲವು ಅಣುಗಳ ದಪ್ಪ ಸಾಕು. ಎಂಟು ಆಷಾಢ ಅಟ್ಟದ ಮೇಲೆ ಕಳೆದಿದೆ, ಉಸಿರಾಟದ ತೂತಂತೂ ತೆರೆದೇ ಇತ್ತು.

ಡೇಟಾ_ದುರಸ್ತಿ · ಭಾನುವಾರ ಸಂಜೆ 5:25

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಹೆಡ್ ತಟ್ಟೆಯಿಂದ ಆಚೆ ಒಂದು ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಹತ್ತಿ ಕೂರುತ್ತೆ. ಆಮೇಲೆ ದೊಡ್ಡ ಡಿಸ್ಕುಗಳಿಗೂ ಅದೇ ಬಂತು. ಹಾಗಂತ ಅಂಟೋದು ನಿಂತಿಲ್ಲ. ಓಡ್ತಿದ್ದ ಡಿಸ್ಕ್ ಕೈಜಾರಿ ಬಿದ್ದರೆ ಹೆಡ್ ಮನೆಗೆ ಹೋಗದೆ ತಟ್ಟೆ ಮಧ್ಯದಲ್ಲೇ ಕೂತುಬಿಡುತ್ತೆ. ಅಲ್ಲಿ ಇಳಿಯೋಕೆ ಅಂತ ಮಾಡಿದ ಜಾಗ ಇಲ್ಲ, ಪೂರ್ತಿ ನುಣುಪು. ಆಗ ಪೀಂ ಪೀಂ ಅಂತ ಅಳುತ್ತೆ. ತಿಂಗಳಿಗೆ ಎರಡು ಮೂರು ಅಂಥವು ಬರ್ತವೆ.

ಮಿಲ್_ಫಿಟ್ಟರ್_ನಿವೃತ್ತ · ಸೋಮವಾರ ಬೆಳಿಗ್ಗೆ 6:20

ಇಳಿಯೋಕೆ ಮಾಡಿದ ಜಾಗ ಅಂದ್ರಲ್ಲ, ಅದೇನು? ನಮ್ಮ ಕಡೆ ಬೀಸೋಕಲ್ಲು ಸವೆದು ನುಣ್ಣಗಾದ್ರೆ ಕಲ್ಲು ಕುಟ್ಟೋರನ್ನ ಕರೆಸಿ ಉಳಿಯಿಂದ ಮುಳ್ಳು ಹೊಡೆಸ್ತಿದ್ವಿ. ಹಂಗೇನಾದ್ರು ಇದಕ್ಕೂ ಮಾಡ್ತಾರಾ?

ಚಂದ್ರವಳ್ಳಿ_ಹುಡುಗಿ · ಸೋಮವಾರ ರಾತ್ರಿ 8:30

ಅಜ್ಜಾರ, ಮುಳ್ಳು ಹೊಡೆಸೋದೇ! ಕೆಲಸ ಮಾತ್ರ ತಿರುಗುಮುರುಗು. ಬೀಸೋಕಲ್ಲಿಗೆ ಮುಳ್ಳು ಹಾಕೋದು ಕಾಳು ಹಿಡಿಯಲಿ ಅಂತ, ಇಲ್ಲಿ ಹಿಡಿತ ಬಿಡಲಿ ಅಂತ. ಮೊದಲು ಇಡೀ ತಟ್ಟೆಯನ್ನೇ ಉಜ್ಜುವ ಪಟ್ಟಿಯಿಂದ ಸುತ್ತಲೂ ಸಣ್ಣಗೆ ಗೀಚ್ತಿದ್ದರು. ಆದರೆ ಗೀರಿದ ತಟ್ಟೆ ಮೇಲೆ ಹೆಡ್ ತೀರ ಕೆಳಗೆ ಹಾರೋಕಾಗಲ್ಲ, ಗೀರಿನ ದಂಡೆಗೆ ಎಡವುತ್ತೆ. 1990ರ ದಶಕದ ನಡುವೆ ಐಬಿಎಂ ಮಂದಿ ಒಂದು ಉಪಾಯ ಮಾಡಿದರು: ತಟ್ಟೆಯ ಒಳಸುತ್ತಿನಲ್ಲಿ ಒಂದು ಉಂಗುರದಷ್ಟು ಜಾಗಕ್ಕೆ ಮಾತ್ರ ಲೇಸರ್‌ನಿಂದ ಸಾಲಾಗಿ ಗುಳ್ಳೆ ಎಬ್ಬಿಸಿದರು. ಎತ್ತರ ಹತ್ತಾರು ನ್ಯಾನೊಮೀಟರ್. ಹೆಡ್ ಅಲ್ಲಿ ಇಳಿದರೆ ಗುಳ್ಳೆಗಳ ನೆತ್ತಿಗೆ ಮಾತ್ರ ತಾಗುತ್ತೆ. ಉಳಿದ ತಟ್ಟೆ ಎಷ್ಟು ಬೇಕಾದರೂ ನುಣ್ಣಗಿರಲಿ.

ಹೆಡ್ ಅಷ್ಟು ಕೆಳಗೆ ಯಾಕೆ ಹಾರಬೇಕು ಅಂತ ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ, ಎಲ್ಲದರ ಬೇರು ಅಲ್ಲಿದೆ. ವಾಲೆಸ್ ಅನ್ನೋರು 1951ರಲ್ಲೇ ಲೆಕ್ಕ ಕೊಟ್ಟಿದ್ದರು. ಬರೆದ ಕಾಂತೀಯ ಗುರುತುಗಳು ಒಂದು ಅಲೆಯಂತೆ ಅಂದುಕೊಳ್ಳಿ. ಹೆಡ್ ಆ ಅಲೆಯ ಉದ್ದದಷ್ಟು ದೂರ ಸರಿದರೆ ಸಿಗ್ನಲ್ ಐನೂರರಲ್ಲಿ ಒಂದು ಪಾಲಿಗಿಂತ ಕಮ್ಮಿಗೆ ಇಳಿಯುತ್ತೆ. ಹೆಚ್ಚು ಫೋಟೊ ತುಂಬಬೇಕಾದರೆ ಗುರುತು ಚಿಕ್ಕದಾಗಬೇಕು, ಗುರುತು ಚಿಕ್ಕದಾದರೆ ಹೆಡ್ ಹತ್ತಿರ ಬರಬೇಕು, ಹತ್ತಿರ ಬರಬೇಕಾದರೆ ತಟ್ಟೆ ನುಣ್ಣಗಾಗಬೇಕು, ನುಣ್ಣಗಾದರೆ ಅಂಟುತ್ತೆ. ಅರವತ್ತು ಎಪ್ಪತ್ತು ವರ್ಷದಿಂದ ಈ ಉದ್ಯಮ ಈ ಗಾಣದಲ್ಲೇ ಸುತ್ತುತ್ತಿದೆ. ಈಗಿನ ಡಿಸ್ಕುಗಳಲ್ಲಿ ಹೆಡ್ಡಿನ ತುದಿಯಲ್ಲೇ ಪುಟ್ಟ ಹೀಟರ್ ಇಟ್ಟಿರ್ತಾರೆ. ಓದುವಾಗ ಕಾಯಿಸಿದರೆ ಆ ತುದಿ ಉಬ್ಬಿ ತಟ್ಟೆಗೆ ಒಂದೆರಡು ನ್ಯಾನೊಮೀಟರ್ ಹತ್ತಿರಕ್ಕೆ ಇಣುಕುತ್ತೆ, ಕೆಲಸ ಮುಗಿದರೆ ತಣ್ಣಗಾಗಿ ಹಿಂದೆ ಸರಿಯುತ್ತೆ. ನನಗೆ ಇದರಷ್ಟು ಚೆಂದ ಕಂಡ ಉಪಾಯ ಇನ್ನೊಂದಿಲ್ಲ.

ಖಾರ_ಮಂಡಕ್ಕಿ · ಸೋಮವಾರ ರಾತ್ರಿ 8:50

ತೇಲೋದು ಅಂದ ಕೂಡಲೆ ನೆನಪಾಯ್ತು. ಬೆಣ್ಣೆದೋಸೆ ಹೊಯ್ಯೋ ಮುಂಚೆ ಕಾದ ಕಾವಲಿಗೆ ನೀರು ಚಿಮುಕಿಸ್ತಾರಲ್ಲ, ಹನಿಗಳು ಮಣಿ ತರ ಓಡಾಡ್ತವೆ. ಅದೂ ಇದೇನಾ?

ಚಂದ್ರವಳ್ಳಿ_ಹುಡುಗಿ · ಸೋಮವಾರ ರಾತ್ರಿ 9:05

ಹತ್ತಿರದ ಸಂಬಂಧಿ. ಹನಿ ತನ್ನದೇ ಆವಿಯ ಹಾಸಿಗೆ ಮೇಲೆ ಜಾರುತ್ತೆ, ಕಾವಲಿಯನ್ನ ಮುಟ್ಟಲ್ಲ. ಕಾವಲಿ ಸ್ವಲ್ಪ ತಣ್ಣಗಾದರೆ ಆವಿ ಸಾಲದೆ ಹನಿ ಕೂತು ಚುರ್ ಅನ್ನುತ್ತೆ. ಡಿಸ್ಕಿನಲ್ಲಿ ಬಿಸಿ ಬದಲು ವೇಗ. ವೇಗ ಇಳಿದರೆ ಹೆಡ್ ಕೂರುತ್ತೆ.

ತಣ್ಣೀರುದೋಣಿ · ಸೋಮವಾರ ರಾತ್ರಿ 9:40

ಒಪ್ಪಿದೆ. ಇನ್ನೊಂದು ಮಾತ್ರ. ಗಾಳಿಯ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯೋಕೆ ಮುಂಚೆ ಸರಾಸರಿ 65 ನ್ಯಾನೊಮೀಟರ್ ಓಡುತ್ತೆ ಅಂತ ಓದಿದ್ದೆ. ಸಂದು ಅದಕ್ಕಿಂತ ಕಿರಿದಾದರೆ ಅಲ್ಲಿ ಒಟ್ಟಾಗಿ ಹರಿಯೋ ಗಾಳಿ ಎಲ್ಲಿದೆ? ಒಂದೊಂದೇ ಅಣು ಪುಟಿಯುತ್ತಿರುತ್ತೆ ಅಷ್ಟೇ. ಎತ್ತಿ ಹಿಡಿಯೋದು ಯಾರು?

ಚಂದ್ರವಳ್ಳಿ_ಹುಡುಗಿ · ಸೋಮವಾರ ರಾತ್ರಿ 10:30

ಈ ದಾರದಲ್ಲಿ ಬಂದ ಒಳ್ಳೆ ಪ್ರಶ್ನೆ ಇದೇ. ಬೇರಿಂಗ್‌ನಲ್ಲಿ ಎಣ್ಣೆ ಭಾರ ಎತ್ತುತ್ತೆ ಅಂತ ಮೊದಲು ಗೊತ್ತಾದ ಕಥೆ ಫಿಟ್ಟರ್ ಅಜ್ಜನಿಗೆ ಇಷ್ಟ ಆಗುತ್ತೆ. 1880ರ ದಶಕದಲ್ಲಿ ಇಂಗ್ಲೆಂಡಿನ ಬೋಚಂಪ್ ಟವರ್ ರೈಲು ಗಾಡಿ ಬೇರಿಂಗ್ ಪರೀಕ್ಷೆ ಮಾಡ್ತಾ ಎಣ್ಣೆ ಬಿಡೋಕೆ ಮೇಲೆ ತೂತು ಕೊರೆದರು. ಎಣ್ಣೆ ಒಳಗೆ ಹೋಗೋ ಬದಲು ಮೇಲೆ ಉಕ್ಕಿತು. ಬೆಣೆ ಹಾಕಿ ಮುಚ್ಚಿದರೆ ಬೆಣೆಯೇ ಚಿಮ್ಮಿತು. 1886ರಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಅದರ ಗಣಿತ ಬರೆದರು. ಅದೇ ಸಮೀಕರಣ ಇವತ್ತೂ ಸ್ಲೈಡರ್ ವಿನ್ಯಾಸಕ್ಕೆ ತಳಪಾಯ. ಆದರೆ ನೀವು ಹೇಳಿದ ಕಾರಣಕ್ಕೆ ಹಾಗೇ ಬಳಸೋಕೆ ಬರಲ್ಲ. ಅಣುಗಳು ಗೋಡೆಯ ಬಳಿ ಜಾರಿಹೋಗ್ತವೆ, ಗಾಳಿ ತೆಳುವಾದಂತೆ ವರ್ತಿಸುತ್ತೆ. 1988ರಲ್ಲಿ ಜಪಾನಿನ ಫುಕುಯಿ ಮತ್ತು ಕನೆಕೊ ಅಣುಗಳ ಲೆಕ್ಕದಿಂದಲೇ ಶುರುಮಾಡಿ ರೇನಾಲ್ಡ್ಸ್ ಸಮೀಕರಣವನ್ನ ತಿದ್ದಿ ಕೊಟ್ಟರು. ಪುಟಿಯುವ ಅಣುಗಳೂ ಸಾಕಷ್ಟು ಸಂಖ್ಯೆಯಲ್ಲಿದ್ದರೆ ಒತ್ತುತ್ತವೆ, ಸ್ವಲ್ಪ ಕಮ್ಮಿ ಅಷ್ಟೇ.

2013ರಿಂದ ದೊಡ್ಡ ಡಿಸ್ಕುಗಳಲ್ಲಿ ಗಾಳಿ ಬದಲು ಹೀಲಿಯಂ ತುಂಬಿ ಸೀಲ್ ಮಾಡ್ತಿದ್ದಾರೆ. ಸಾಂದ್ರತೆ ಗಾಳಿಯ ಏಳನೇ ಒಂದು ಪಾಲು, ತಟ್ಟೆಗಳು ನಡುಗೋದು ಕಮ್ಮಿ. ಆ ಡಿಸ್ಕಿಗೆ ಉಸಿರಾಟದ ತೂತೂ ಇಲ್ಲ.

ಮಿಲ್_ಫಿಟ್ಟರ್_ನಿವೃತ್ತ · ಮಂಗಳವಾರ ಬೆಳಿಗ್ಗೆ 6:00

ಬೆಣೆ ಚಿಮ್ಮಿದ ಕಥೆ ರಾತ್ರಿಯೆಲ್ಲ ತಲೇಲಿ ಓಡ್ತು. ಆ ಎಣ್ಣೆ ವಿಚಾರ ಹೇಳ್ತೀನಿ ಅಂದಿದ್ದೆ ತಾಯಿ. ಗೋಂದಾಗದ ಎಣ್ಣೆ ಯಾವುದದು? ಚಳ್ಳಕೆರೆ ಕಡಲೆಕಾಯಿ ಎಣ್ಣೆ ಬಿಟ್ರೆ ನನಗೆ ಗೊತ್ತಿರೋದು ಸ್ಪಿಂಡಲ್ ಆಯಿಲ್ ಒಂದೇ.

ಚಂದ್ರವಳ್ಳಿ_ಹುಡುಗಿ · ಮಂಗಳವಾರ ರಾತ್ರಿ 9:15

ಕಡಲೆಕಾಯಿ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಜಿಗುಟಾಗುತ್ತೆ, ಬಾಣಲೆ ಅಂಚಲ್ಲಿ ನೋಡಿರ್ತೀರಿ. ಡಿಸ್ಕಿಗೆ ಹಾಕೋದು ಪರ್‌ಫ್ಲೋರೊಪಾಲಿಈಥರ್. ಉದ್ದ ಸರಪಳಿ ಅಣು, ಜಲಜನಕ ಇರಬೇಕಾದ ಜಾಗದಲ್ಲೆಲ್ಲ ಫ್ಲೋರಿನ್ ಕೂತಿದೆ. ಸುಲಭಕ್ಕೆ ಆವಿಯಾಗಲ್ಲ, ಕೆಡಲ್ಲ. ಸರಪಳಿಯ ತುದಿಗಳಲ್ಲಿ ಮಾತ್ರ ತಟ್ಟೆಗೆ ಕಚ್ಚಿಕೊಳ್ಳುವ ಕೊಕ್ಕೆ ಇಟ್ಟಿರ್ತಾರೆ. ಒಂದಷ್ಟು ಅಣು ಕಚ್ಚಿಕೊಂಡಿರುತ್ತೆ, ಇನ್ನೊಂದಷ್ಟು ಸಡಿಲ. ಹೆಡ್ ತಾಗಿ ಎಣ್ಣೆ ಒರೆಸಿಹೋದ ಕಡೆಗೆ ಸಡಿಲ ಅಣುಗಳು ಹರಿದು ಬಂದು ಗಾಯ ಮುಚ್ಚಬೇಕು. ಸಡಿಲ ಜಾಸ್ತಿಯಾದರೆ ಅದೇ ಹೆಡ್ ಕೆಳಗೆ ಸೇರಿ ಅಂಟು, ಕಮ್ಮಿಯಾದರೆ ಸವೆತ. ಆ ಹದ ಹಿಡಿಯೋದೇ ಕಷ್ಟ.

ದಪ್ಪ ಒಂದು ನ್ಯಾನೊಮೀಟರ್. ಲೆಕ್ಕ ಹಾಕಿ ನೋಡಿದೆ: ಒಂದು ಮಿಲಿಲೀಟರ್ ಎಣ್ಣೆ 3.5 ಇಂಚಿನ ಡಿಸ್ಕಿನ ಸುಮಾರು 75 ಸಾವಿರ ತಟ್ಟೆಗಳಿಗೆ, ಎರಡೂ ಮಗ್ಗುಲಿಗೆ ಬರುತ್ತೆ. ಅದರ ಕೆಳಗೆ ವಜ್ರದ ಗುಣದ ಇಂಗಾಲದ ಪದರ, ಎರಡು ಮೂರು ನ್ಯಾನೊಮೀಟರ್. ಅದರ ಕೆಳಗೆ ನಿಮ್ಮ ಫೋಟೊ.

ಪಿಜೆ_ಬಡಾವಣೆ · ಬುಧವಾರ ಮಧ್ಯಾಹ್ನ 1:10

ಒಂದು ನ್ಯಾನೊಮೀಟರ್ ಎಣ್ಣೆ ಕೆಳಗೆ ಅರ್ಧ ದಾವಣಗೆರೆ ಮದುವೆಗಳಿವೆ ಅಂತಾಯ್ತು. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. "ಏಟು ಹಾಕಬ್ಯಾಡ, ಬೆಂಗಳೂರಿಗೆ ಕಳಿಸು" ಅಂದರು. ಕಳಿಸ್ತಿದ್ದೀನಿ.

ಡೇಟಾ_ದುರಸ್ತಿ · 16 ದಿನದ ನಂತರ, ಶುಕ್ರವಾರ ರಾತ್ರಿ 7:30

ಪಿಜೆ ಬಡಾವಣೆಯವರ ಡಿಸ್ಕ್. ಧೂಳು ಸೋಸಿದ ಗಾಳಿಯ ಮೇಜಿನ ಮೇಲೆ ತೆರೆದೆ. ಒಂದೇ ತಟ್ಟೆ, ಎರಡು ಹೆಡ್, ಎರಡೂ ಒಳಸುತ್ತಿನಲ್ಲಿ ಕೂತಿದ್ದವು. ಹೆಡ್ಡುಗಳ ನಡುವೆ ಬಾಚಣಿಗೆಯಂಥ ಉಪಕರಣ ತೂರಿಸಿ, ತಟ್ಟೆಯನ್ನ ನಿಧಾನಕ್ಕೆ ಕೈಯಲ್ಲಿ ತಿರುಗಿಸ್ತಾ ಬಿಡಿಸಿದೆ. ಮೇಲಿನದು ಬಿಟ್ಟಿತು. ಕೆಳಗಿನ ಹೆಡ್ಡಿನ ತೋಳು ಸ್ವಲ್ಪ ಬಾಗಿತ್ತು, ಮತ್ತೆ ಮತ್ತೆ ಕರೆಂಟ್ ಕೊಟ್ಟು ಮೋಟರ್ ಜಗ್ಗಿದ್ದರ ಫಲ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕಿಂದ ಹೆಡ್ ಹಾಕಿ ಮೊದಲು ಪೂರ್ತಿ ನಕಲು ತೆಗೆದೆ. ಕೆಲವು ಫೈಲ್ ಅರ್ಧ ಬೂದು ಬಣ್ಣ, ಉಳಿದದ್ದು ಬಂದಿದೆ. ಒಂದೇಟು ಕೊಟ್ಟಿದ್ದರೆ ಆ ತೋಳು ಕಿತ್ತು ಬರ್ತಿತ್ತು.

ಪಿಜೆ_ಬಡಾವಣೆ · ಶುಕ್ರವಾರ ರಾತ್ರಿ 8:05

ಅಪ್ಪ ಎರಡು ದಿನದಿಂದ ಕಂಪ್ಯೂಟರ್ ಮುಂದಿಂದ ಏಳ್ತಿಲ್ಲ. "ಈ ಹುಡುಗಿ ಈಗ ಎರಡು ಮಕ್ಕಳ ತಾಯಿ" ಅಂತ ಒಂದೊಂದಕ್ಕೂ ಕಾಮೆಂಟರಿ. ಬೂದು ಆದ ಫೋಟೊ ಯಾರ ಮದುವೆಯದು ಅಂತ ಹೇಳಲ್ವಂತೆ, ಅವರು ಜಗಳ ತೆಗೀತಾರಂತೆ. ಹಳೇ ತಟ್ಟೆ ವಾಪಸ್ ಬಂದಿದೆ, ಫಿಟ್ಟರ್ ಸಾಹೇಬರು ನೋಡಬೇಕು ಅಂದಿದ್ದರು, ಅವರ ಮನೆಗೆ ಕೊಟ್ಟು ಬಂದೆ.

ಮಿಲ್_ಫಿಟ್ಟರ್_ನಿವೃತ್ತ · ಭಾನುವಾರ ಬೆಳಿಗ್ಗೆ 6:30

ಪ್ರಯೋಗ ಮಾಡಿದೆ. ಅಂಗೈ ಅಗಲದ ಎರಡು ಕಿಟಕಿ ಗಾಜಿನ ನಡುವೆ ನೀರಿನ ಹನಿ ಹಾಕಿ ಒತ್ತಿದೆ. ನೇರ ಎಳೆದ್ರೆ ಬರಲಿಲ್ಲ, ಮೊಮ್ಮಗ ಒಂದು ಕಡೆ ನಾನೊಂದು ಕಡೆ. ಪಕ್ಕಕ್ಕೆ ಜಾರಿಸಿದ್ರೆ ಮಾತ್ರ ಬಿಟ್ಟಿತು. ಆಮೇಲೆ ಡಿಸ್ಕಿನ ತಟ್ಟೆಗೂ ಗುಜರಿಯಿಂದ ತಂದ ಇನ್ನೊಂದಕ್ಕೂ ಹಂಗೇ ಮಾಡೋಣ ಅಂದ್ರೆ ಹನಿ ಹರಡಲೇ ಇಲ್ಲ. ಕೆಸುವಿನ ಎಲೆ ಮೇಲೆ ನಿಂತಂಗೆ ಗುಂಡಗೆ ನಿಂತ್ಕೊಂತು, ಓರೆ ಮಾಡಿದ್ರೆ ಉರುಳಿ ಹೋಯ್ತು. ಎಲ್ಲೋ ತಪ್ಪಿದೆ ಅಂತ ಮತ್ತೆ ಮತ್ತೆ ಮಾಡಿದೆ. ಅಂಟಲಿಲ್ಲ.

ಚಂದ್ರವಳ್ಳಿ_ಹುಡುಗಿ · ಭಾನುವಾರ ಬೆಳಿಗ್ಗೆ 9:10

ತಪ್ಪಿಲ್ಲ ಅಜ್ಜಾರ. ನೀರನ್ನ ಹರಡೋಕೆ ಬಿಡದೆ ಇದ್ದದ್ದು ಆ ಒಂದು ನ್ಯಾನೊಮೀಟರ್ ಎಣ್ಣೆ, ಇಷ್ಟು ವರ್ಷ ಆದ ಮೇಲೂ ಇದೆ. ಅದನ್ನ ಅಳೆಯೋಕೆ ನಮ್ಮ ಲ್ಯಾಬಲ್ಲಿ ಸಾಲು ಹಚ್ಚಿ ಉಪಕರಣಕ್ಕೆ ಕಾಯಬೇಕು, ನೀವು ನೀರಿನ ಹನಿಯಲ್ಲಿ ನೋಡಿಬಿಟ್ಟಿರಿ.

ಮಿಲ್_ಫಿಟ್ಟರ್_ನಿವೃತ್ತ · ಭಾನುವಾರ ಬೆಳಿಗ್ಗೆ 9:25

ಇಂಥ ಎಣ್ಣೆ ನಮ್ಮನೆಯಾಕಿ ಹೊಲಿಗೆ ಮಷೀನ್‌ಗೆ ಹಾಕಬಹುದಾ? ಎಲ್ಲಿ ಸಿಗ್ತೈತಿ?

ಚಂದ್ರವಳ್ಳಿ_ಹುಡುಗಿ · ಭಾನುವಾರ ಬೆಳಿಗ್ಗೆ 9:40

ಹಾಕಬಹುದು. ಆದರೆ ಮಷೀನ್‌ಗಿಂತ ಎಣ್ಣೆಯೇ ದುಬಾರಿ ಬೀಳುತ್ತೆ.

ಮಿಲ್_ಫಿಟ್ಟರ್_ನಿವೃತ್ತ · ಭಾನುವಾರ ಬೆಳಿಗ್ಗೆ 9:42

ಹಂಗಾದ್ರೆ ಬ್ಯಾಡ.